ವಾರ್ಡರಮ್ಮನ ನೂರಿಪ್ಪತ್ತು ಗಂಟೆಗಳು

ವಾರ್ಡರಮ್ಮನಿಗೆ ಮಾತಿಗಿಂತ ಕೈ ಮುಂದು. ಇದು ಅವಳ ಬೆನ್ನ ಹಿಂದೆ ಯಾರೋ ಆಡಿಕೊಂಡದ್ದಲ್ಲ, ಅವಳೇ ಹೇಳಿಕೊಳ್ಳುತ್ತಿದ್ದದ್ದು, ಅದೂ ಎದೆ ಉಬ್ಬಿಸಿ. ಹೆಂಗಸರ ಜೈಲಿನಲ್ಲಿ ಇಪ್ಪತ್ತೊಂದು ವರ್ಷ ಸೊಂಟಕ್ಕೆ ಬೀಗದಕೈ ಗೊಂಚಲು ಕಟ್ಟಿಕೊಂಡು ಓಡಾಡಿದವಳು. ಆ ಗೊಂಚಲಿನ ಸದ್ದು ಮೂಲೆ ತಿರುಗುವ ಮೊದಲೇ ಕೋಣೆಯೊಳಗಿನ ಜಗಳಗಳು ತಾವಾಗಿ ನಿಲ್ಲುತ್ತಿದ್ದವು. ನಿಲ್ಲದಿದ್ದರೆ ಅವಳು ನಿಲ್ಲಿಸುತ್ತಿದ್ದಳು. ಕೂದಲು ಹಿಡಿದು, ತೋಳು ತಿರುಚಿ, ಲಾಠಿಯ ಹಿಡಿಯಿಂದ ಮೊಣಕಾಲಿನ ಹಿಂದೆ ಒಂದು ಕೊಟ್ಟು. ಮೂರನೇ ಏಟಿಗೆ ಯಾರಾದರೂ ಬಾಯಿ ಬಿಡಲೇಬೇಕು ಎನ್ನುವುದು ಅವಳ ಅನುಭವ.

ಬಾಯಿ ಬಿಡದವಳೂ ಒಬ್ಬಳು ಬಂದಳು. ಹತ್ತೊಂಬತ್ತು ವರ್ಷದ ಹುಡುಗಿ, ವಿಚಾರಣೆ ಇನ್ನೂ ಮುಗಿಯದವಳು. ಬೆಳಗಿನ ತಪಾಸಣೆಯಲ್ಲಿ ಅವಳ ಬಾಯೊಳಗೆ ಅರ್ಧ ಬ್ಲೇಡು ಇದೆ ಎಂದು ಸುದ್ದಿ ಬಂತು. ತೆಗಿ ಎಂದರೆ ತೆಗೆಯಲಿಲ್ಲ. ತುಟಿ ಬಿಗಿದುಕೊಂಡು ನೇರವಾಗಿ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು, ಆ ನೋಟವೇ ವಾರ್ಡರಮ್ಮನ ತಲೆ ಕೆಡಿಸಿತು. ಒಂದು, ಎರಡು, ಮೂರು. ಮೂರನೆಯದಕ್ಕೆ ಹುಡುಗಿಯ ಕಿವಿಯಿಂದ ರಕ್ತ ಇಳಿದು ಕುತ್ತಿಗೆಯ ಮೇಲೆ ಗೆರೆ ಎಳೆಯಿತು. ಬ್ಲೇಡು ಸಿಕ್ಕಿದ್ದೂ ನಿಜ, ಆ ಕಿವಿ ಮತ್ತೆ ಕೇಳಿಸದೆ ಹೋದದ್ದೂ ನಿಜ. ವಾರ್ಡರಮ್ಮನ ಮೇಲೆ ಇಲಾಖಾ ವಿಚಾರಣೆ ನಡೆಸಿದ ಅಧಿಕಾರಿ ಫೈಲು ಮುಚ್ಚುತ್ತಾ, "ಹೊರಗೆ ಹಾಕೋ ಮೊದಲು ನೀವೇ ರಾಜೀನಾಮೆ ಕೊಟ್ಟುಬಿಡಿ" ಎಂದರು. ಕೊಟ್ಟಳು. ಗೊಂಚಲು ಮೇಜಿನ ಮೇಲಿಟ್ಟು ಹೊರಬಂದಾಗ ಸೊಂಟದ ಒಂದು ಪಕ್ಕ ಹಗುರಾಗಿ ನಡಿಗೆಯೇ ಓರೆಯಾಯಿತು.

ಮನೆಯಲ್ಲಿ ಇದ್ದದ್ದು ಚಿಕ್ಕಮ್ಮ ಒಬ್ಬಳೇ. ತಾಯಿ ಸತ್ತ ಮೇಲೆ ಇವಳನ್ನು ಸಾಕಿದವಳು, ಎಪ್ಪತ್ತು ದಾಟಿದರೂ ನಾಲಿಗೆಗೆ ಮುಪ್ಪು ಬಂದಿರಲಿಲ್ಲ. "ಕೆಲಸ ಬಿಟ್ಟು ಬಂದ್ಯಲ್ಲ, ಇನ್ನು ಮನೇಲಿ ನನ್ನನ್ನೇ ಎಣಿಸಿ ಒಳಗೆ ಹಾಕ್ತೀಯೇನೇ ಸಂಜೆ ಹೊತ್ತು?" ಎಂದು ಕೇಳಿದಳು. ವಾರ್ಡರಮ್ಮ ಒಂದು ತಿಂಗಳು ಗೋಡೆ ನೋಡುತ್ತಾ ಕೂತಳು. ಎರಡನೇ ತಿಂಗಳು ಫೋನು ತಿಕ್ಕುತ್ತಾ ಕೂತಿದ್ದಾಗ ಮನೆಯಲ್ಲೇ ಕುಳಿತು ಕಲಿಯುವ ಲೈಬ್ರರಿ ಟೆಕ್ನೀಷಿಯನ್ ಕೋರ್ಸಿನ ಜಾಹೀರಾತು ಕಣ್ಣಿಗೆ ಬಿತ್ತು. ಜೈಲಿನಲ್ಲಿ ಪುಸ್ತಕದ ಕೋಣೆ ಎಂದು ಒಂದಿತ್ತು. ಇಪ್ಪತ್ತೊಂದು ವರ್ಷದಲ್ಲಿ ಅವಳು ಯಾರಿಗೂ ಹೊಡೆಯದೆ ಹೊರಬಂದ ಕೋಣೆ ಅದೊಂದೇ. ಬೇರೆ ಕಾರಣವೇನೂ ಇರಲಿಲ್ಲ, ಸೇರಿಕೊಂಡಳು.

ಪಾಠಗಳು ಇಪ್ಪತ್ತನಾಲ್ಕು. ಕೊನೆಗೆ ನಿಜವಾದ ಗ್ರಂಥಾಲಯವೊಂದರಲ್ಲಿ ನೂರಿಪ್ಪತ್ತು ಗಂಟೆ ಕೆಲಸ ಮಾಡಿ, ದಿನದಿನದ ದಾಖಲೆ ಬರೆದು, ಅಲ್ಲಿನ ಗ್ರಂಥಪಾಲಕರ ಸಹಿ ತರಬೇಕು. ಸಹಿ ಇಲ್ಲದಿದ್ದರೆ ಉಳಿದದ್ದೆಲ್ಲ ನೀರಿನಲ್ಲಿ ಮಾಡಿದ ಹೋಮ. ಅವಳು ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಗೆ ಫೋನು ಒರಗಿಸಿ ಪಾಠ ಕೇಳುತ್ತಿದ್ದಳು. ಕಲಿಸುವವಳು ದುಂಡು ಕನ್ನಡಕದ ಚಿಕ್ಕ ವಯಸ್ಸಿನವಳು, ಮಗು ಮಲಗಿಸುವ ದನಿ. ಆ ದನಿ ಪುಸ್ತಕದ ಬೆನ್ನಿಗೆ ಅಂಟಿಸುವ ವಿಷಯಸಂಖ್ಯೆಗಳನ್ನು ಒಂದೊಂದಾಗಿ ಹೇಳುತ್ತಿದ್ದರೆ ಚಿಕ್ಕಮ್ಮ ಸೊಪ್ಪು ಬಿಡಿಸುತ್ತಾ, "ಯಾರ ಫೋನ್ ನಂಬರೇ ಅದು, ಇಷ್ಟು ಹೊತ್ತು ಹೇಳ್ತಾನೇ ಇದ್ದಾಳೆ?" ಎನ್ನುತ್ತಿದ್ದಳು.

ಕೆಲಸಕ್ಕೆ ಸಿಕ್ಕಿದ್ದು ಎರಡು ಬೀದಿ ಆಚೆಯ ಶಾಖಾ ಗ್ರಂಥಾಲಯ. ಒಂದು ಉದ್ದನೆಯ ಕೋಣೆ, ಪತ್ರಿಕೆ ಓದಲು ಬಾಗಿಲ ಪಕ್ಕ ಒಂದು ಮೇಜು, ಒಳಗೆ ಹನ್ನೆರಡು ಸಾಲು ಕಪಾಟು. ಗ್ರಂಥಪಾಲಕರು ಹನ್ನೊಂದು ವರ್ಷದಿಂದ ಅಲ್ಲಿ ಒಬ್ಬರೇ. ಸಣಕಲು ದೇಹ, ಕೆಮ್ಮಿನಲ್ಲೇ ಅರ್ಧ ಮಾತು ಮುಗಿಸುವ ಮನುಷ್ಯ. ಅವಳ ಹಿಂದಿನ ಕತೆ ಅವರಿಗೆ ಗೊತ್ತಿತ್ತು. ಮೊದಲ ದಿನವೇ ಹೇಳಿದರು:

"ನೋಡಿ, ಇಲ್ಲಿ ಯಾರ ಮೇಲೂ ಕೈ ಎತ್ತೋ ಹಾಗಿಲ್ಲ. ಎತ್ತಿದ ದಿನ ನಿಮ್ಮ ಗಂಟೆಗಳೆಲ್ಲ ಸೊನ್ನೆ."

"ಆಯ್ತು ಸರ್."

"ಬೈಯೋ ಹಾಗೂ ಇಲ್ಲ."

"ಅದು ಸ್ವಲ್ಪ ಕಷ್ಟ ಸರ್" ಎಂದಳು ವಾರ್ಡರಮ್ಮ ಪ್ರಾಮಾಣಿಕವಾಗಿ.

ಕಷ್ಟವೇ ಆಯಿತು. ಮೊದಲ ವಾರವೇ ಕಾಲೇಜಿನ ಹುಡುಗನೊಬ್ಬ ಗಣಿತದ ಪುಸ್ತಕದಿಂದ ಸದ್ದಿಲ್ಲದೆ ಹಾಳೆ ಹರಿದು ಜೇಬಿಗೆ ತುರುಕುವುದನ್ನು ನೋಡಿದಳು. ನೋಡಿದ್ದಷ್ಟೇ ನೆನಪು. ಮುಂದಿನ ಗಳಿಗೆಯಲ್ಲಿ ಅವನ ಕಾಲರು ಅವಳ ಮುಷ್ಟಿಯಲ್ಲಿತ್ತು, ಅವನ ಬೆನ್ನು ಗೋಡೆಗಿತ್ತು, ಕಾಲು ನೆಲ ಬಿಟ್ಟಿತ್ತು. ದೂರದಿಂದ ಒಂದು ಕೆಮ್ಮು ಕೇಳಿಸಿತು. ಅವಳು ಅವನನ್ನು ನಿಧಾನವಾಗಿ ಕೆಳಗಿಳಿಸಿ, ಕಾಲರು ನೇರ ಮಾಡಿ, ಹೆಗಲ ಧೂಳು ಕೊಡವಿ, "ಆ ಹಾಳೆ ಕೊಡಪ್ಪ, ಅಂಟಿಸೋಣ" ಎಂದಳು. ಅಂದಿನಿಂದ ಕೂತಾಗೆಲ್ಲ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಳ್ಳುವುದು ರೂಢಿಯಾಯಿತು.

ಸಿಟ್ಟಿಗೆ ಬೇರೆ ಕೆಲಸ ಕೊಡಬೇಕಿತ್ತಲ್ಲ, ಅದನ್ನು ಒಂಬತ್ತನೇ ಪಾಠ ಕೊಟ್ಟಿತು. ಓದುಗರು ಪುಸ್ತಕದಲ್ಲಿ ಗೀಚಿದ ಪೆನ್ಸಿಲ್ ಗುರುತು ತೆಗೆಯುವ ಪಾಠ: ಮೆತ್ತನೆಯ ರಬ್ಬರು, ಹೊಲಿಗೆಯ ಕಡೆಯಿಂದ ಅಂಚಿನ ಕಡೆಗೆ, ಒಂದೇ ದಿಕ್ಕಿನಲ್ಲಿ. ವಾರ್ಡರಮ್ಮನ ಕೈಗೆ ಹೇಳಿ ಮಾಡಿಸಿದ ಕೆಲಸ. ಹನ್ನೆರಡು ಸಾಲು ಕಪಾಟಿನ ಮೇಲೆ ದಂಡು ಹೋದ ಹಾಗೆ ಹೋದಳು. ಅಡಿಗೆರೆಗಳು, ಪ್ರೇಮಪತ್ರದ ಕರಡುಗಳು, ಕತೆಗಾರನಿಗೆ ಯಾರೋ ಅಂಚಿನಲ್ಲಿ ಬೈದ ಬೈಗಳು, ಎಲ್ಲವೂ ಬೂದಿಯ ಸುರುಳಿಯಾಗಿ ನೆಲಕ್ಕೆ ಬಿದ್ದವು. ಪುಸ್ತಕಗಳು ಮುಗಿದವು, ಕೈ ನಿಲ್ಲಲಿಲ್ಲ. ಗ್ರಂಥಪಾಲಕರು ಊಟಕ್ಕೆ ಹೋಗಿದ್ದಾಗ ಸದಸ್ಯರ ಅರ್ಜಿಗಳಿರುವ ಕಬ್ಬಿಣದ ಡ್ರಾಯರು ತೆರೆದಳು. ಅರ್ಜಿಗಳ ಮೇಲೂ ಅಲ್ಲಲ್ಲಿ ಪೆನ್ಸಿಲ್ ಕಲೆ. ಒಂದರ ಮೇಲೆ, ಶಾಶ್ವತ ವಿಳಾಸದ ಪಕ್ಕದಲ್ಲಿ, ಸೊನ್ನೆಯೊಳಗೊಂದು ಕತ್ತರಿ ಗುರುತು. ಯಾರೋ ಮಕ್ಕಳು ಗೀಚಿರಬೇಕೆಂದು ಅದನ್ನೂ ತಿಕ್ಕಿದಳು. ಹಾಳೆ ಹೊಸದರಂತಾಯಿತು.

ಆ ವಾರದ ಅಭ್ಯಾಸ, ಗಡುವು ಮೀರಿದ ಪುಸ್ತಕಗಳಿಗೆ ನೆನಪಿನ ಪತ್ರ ಬರೆಯುವುದು. ಗ್ರಂಥಪಾಲಕರು ಸಾಮಾನ್ಯವಾಗಿ ಫೋನು ಮಾಡಿ ಕೆಮ್ಮುತ್ತಿದ್ದರು, ಪುಸ್ತಕ ತಾನಾಗಿ ಬರುತ್ತಿತ್ತು. ಆದರೆ ಕೋರ್ಸಿನವರಿಗೆ ಪತ್ರವೇ ಬೇಕು, ಏಳು ಪ್ರತಿ. ವಾರ್ಡರಮ್ಮ ದುಂಡಗೆ ಬರೆದಳು. ಒಂದೊಂದು ಅರ್ಜಿಯಲ್ಲೂ ಎರಡು ವಿಳಾಸ, ಶಾಶ್ವತ ಮತ್ತು ಈಗಿನದು. ಯಾವುದಕ್ಕೆ ಕಳಿಸುವುದೆಂದು ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. ಜೈಲಿನ ಕಾಗದ ಯಾವತ್ತೂ ಶಾಶ್ವತ ವಿಳಾಸಕ್ಕೇ ಹೋಗಬೇಕು, ಈಗಿನದನ್ನು ಯಾರು ನಂಬುತ್ತಾರೆ? ಗ್ರಂಥಪಾಲಕರು ಒಕ್ಕಣೆ ನೋಡಿ ತಲೆದೂಗಿ ಏಳಕ್ಕೂ ಸಹಿ ಹಾಕಿದರು, ಲಕೋಟೆ ನೋಡಲಿಲ್ಲ. ಪತ್ರದ ಕೆಳಗೆ ಶಾಖೆಯ ಮೊಹರು, ಮೊಹರಿನಲ್ಲಿ ಬೀದಿಯ ಹೆಸರು, ಊರಿನ ಹೆಸರು. ಅವಳೇ ಅಂಚೆ ಡಬ್ಬಿಗೆ ಹಾಕಿ ಬಂದಳು.

ಒಂಬತ್ತು ದಿನ ಕಳೆದು ಹದಿನಾಲ್ಕನೇ ಪಾಠ ಬಂತು. ಮಗು ಮಲಗಿಸುವ ದನಿ ಹೇಳಿತು: ಓದುಗರು ಯಾರು, ಎಲ್ಲಿರುತ್ತಾರೆ, ಏನು ಓದುತ್ತಾರೆ, ಇದು ಗ್ರಂಥಾಲಯದ ಹೊರಗೆ ಹೋಗಬಾರದು. ಕೇಳಲು ಬಂದವರು ತಂದೆಯಾಗಲಿ, ಗಂಡನಾಗಲಿ. ಎಷ್ಟೋ ಜನ ಯಾರಿಂದಲೋ ತಪ್ಪಿಸಿಕೊಂಡು ಬಂದಿರುತ್ತಾರೆ, ಅಂಥವರ ಹಳೆಯ ವಿಳಾಸಕ್ಕೆ ಹೋದ ಒಂದು ಪತ್ರ ಸಾಕು.

ವಾರ್ಡರಮ್ಮನಿಗೆ ತಾನು ಅಳಿಸಿದ ಕತ್ತರಿ ಗುರುತು ನೆನಪಾಯಿತು. ಏಳು ಪತ್ರಗಳಲ್ಲಿ ಒಂದು ಆ ಅರ್ಜಿಯದೇ. ಮಾರನೆಯ ದಿನ ಏನೂ ಅರಿಯದವಳ ಹಾಗೆ ಗ್ರಂಥಪಾಲಕರನ್ನು ಕೇಳಿದಳು, "ಸರ್, ಸೊನ್ನೆಯೊಳಗೆ ಕತ್ತರಿ ಗುರುತು ಹಾಕಿದ್ರೆ ಏನರ್ಥ?"

"ಅದಾ? ನಾನೇ ಹಾಕೋದು. ಈ ಮನೆಗೆ ಕಾಗದ ಕಳಿಸಬಾರದು ಅಂತ. ಒಂದೇ ಒಂದು ಇದೆ, ಆ ಟೈಲರ್ ಹೆಣ್ಣುಮಗಳದ್ದು. ಗಂಡನಿಂದ ತಪ್ಪಿಸ್ಕೊಂಡು ಬಂದಿದ್ದಾಳೆ ಪಾಪ. ಹಳೇ ಊರಿನ ಸದಸ್ಯತ್ವ ವರ್ಗ ಮಾಡಿಸ್ಕೊಂಡಿದ್ರಿಂದ ಆ ವಿಳಾಸ ಹಾಗೇ ಉಳ್ಕೊಂಡಿದೆ." ಅವರು ಕೆಮ್ಮಿದರು. "ಯಾಕೆ?"

"ಸುಮ್ನೆ ಕೇಳ್ದೆ ಸರ್."

ಅಲ್ಲೇ ಹೇಳಿಬಿಡಬೇಕಿತ್ತು. ಹೇಳಿದ್ದರೆ ಆ ಟೈಲರ್ ಹೆಂಗಸು ಅಂದೇ ಗಂಟುಮೂಟೆ ಕಟ್ಟಿ ಹೊರಡಬಹುದಿತ್ತು. ಆದರೆ ದಾಖಲೆ ಪುಸ್ತಕದಲ್ಲಿ ತೊಂಬತ್ತೇಳು ಗಂಟೆ ತುಂಬಿತ್ತು. ಪತ್ರ ಅಂಚೆಯಲ್ಲಿ ಕಳೆದಿರಬಹುದು, ಅವನು ಮನೆ ಬದಲಿಸಿರಬಹುದು, ಓದದೆ ಹರಿದಿರಬಹುದು. ಮನಸ್ಸು ತನಗೆ ಬೇಕಾದ್ದನ್ನು ಹುಡುಕಿ ತರುವುದರಲ್ಲಿ ಎಷ್ಟು ಚುರುಕು! ಸಂಜೆ ಟೈಲರ್ ಹೆಂಗಸೇ ಬಂದು ಎದುರು ನಿಂತಳು. ಮೂವತ್ತರ ಆಚೀಚೆ, ಬೆರಳ ತುದಿಯಲ್ಲೆಲ್ಲ ಸೂಜಿಯ ಚುಕ್ಕಿ. ಕುತ್ತಿಗೆಯ ಪಕ್ಕದಲ್ಲಿ ಸುಟ್ಟ ಗುರುತು, ಒಂದು ಕಡೆ ಚೂಪು, ಒಂದು ಕಡೆ ಅಗಲ. ಇಸ್ತ್ರಿ ಪೆಟ್ಟಿಗೆಯದು. ಅಂಥ ಗುರುತುಗಳನ್ನು ಓದುವುದಕ್ಕೆ ವಾರ್ಡರಮ್ಮನಿಗೆ ಯಾವ ಕೋರ್ಸೂ ಬೇಕಿರಲಿಲ್ಲ.

"ಅಕ್ಕಾ, ಆ ಕಟಿಂಗ್ ಪುಸ್ತಕ ಇನ್ನೊಂದು ವಾರ ಇಟ್ಕೊಳ್ಲಾ? ತಡ ಆಗಿದೆ ಗೊತ್ತು. ಮಗಳ ಶಾಲೆಯಿಂದಲೇ ಯೂನಿಫಾರ್ಮ್ ಆರ್ಡರ್ ಬಂದಿದೆ, ನಲವತ್ತು ಜೊತೆ."

"ಇಟ್ಕೊಳ್ಳಿ" ಎಂದಳು ವಾರ್ಡರಮ್ಮ. ತಾರೀಖಿನ ಮೊಹರು ಒತ್ತಿದಳು. ಮುಖ ಎತ್ತಿ ನೋಡಲಿಲ್ಲ. ಅವಳಿಗೆ ತನ್ನ ಮೇಲೆಯೇ ಅಸಹ್ಯವಾಗಿತ್ತು, ಆದರೂ ಬಾಯಿ ತೆರೆಯಲಿಲ್ಲ.

ನೂರಹನ್ನೆರಡನೇ ಗಂಟೆಯಲ್ಲಿ ಅವನು ಬಂದ.

ಮಧ್ಯಾಹ್ನ ಮೂರರ ಹೊತ್ತು. ಗ್ರಂಥಪಾಲಕರು ಮುಖ್ಯ ಕಚೇರಿಗೆ ಹೋಗಿದ್ದರು. ಒಳಗೆ ಇದ್ದದ್ದು ಬಾಗಿಲ ಪಕ್ಕ ದಿನವೂ ಒಂದೇ ಪತ್ರಿಕೆಯನ್ನು ಮೂರು ಸಲ ಓದುವ ಮುದುಕರೊಬ್ಬರು, ಎಲ್ಲರ ಬಾಯಲ್ಲೂ ಪೇಪರ್ ತಾತ. ಬಂದವನು ಒಗೆದು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಮರದ ಮಿಲ್ಲಿನಲ್ಲಿ ಕೆಲಸ ಮಾಡುವವನಿರಬೇಕು, ಎಡಗೈಯ ಒಂದು ಬೆರಳು ಅರ್ಧಕ್ಕೇ ನಿಂತಿತ್ತು, ರೆಪ್ಪೆಯಲ್ಲಿ ಮರದ ಪುಡಿ. ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಕೌಂಟರಿನ ಮೇಲೆ ಬಿಡಿಸಿಟ್ಟ. ವಾರ್ಡರಮ್ಮನದೇ ದುಂಡು ಅಕ್ಷರ.

"ಅಮ್ಮಾ, ನಮ್ಮ ಮನೆಯವಳು ಪುಸ್ತಕ ವಾಪಸ್ ಕೊಟ್ಟಿಲ್ವಂತೆ" ಎಂದ. ದನಿ ಬೆಣ್ಣೆ. "ನೀವು ಕಷ್ಟಪಟ್ಟು ಬರೆದಿದ್ದೀರಿ. ತಂದುಕೊಡೋದು ನನ್ನ ಧರ್ಮ ಅಲ್ವಾ?"

"ತಂದಿದ್ದೀರಾ?"

"ಅವಳ ಹತ್ರ ಇದೆ. ಮನೆ ಎಲ್ಲಿ ಅಂದ್ರೆ ಹೋಗಿ ಇಸ್ಕೊಂಡು ಬರ್ತೀನಿ."

"ಹೇಳೋಕಾಗಲ್ಲ."

"ಗಂಡ ಅಮ್ಮಾ ನಾನು."

"ಯಾರಾದ್ರೂ ಸರಿ."

ಅವನು ನಕ್ಕ. ಆ ನಗು ವಾರ್ಡರಮ್ಮನಿಗೆ ಚಿರಪರಿಚಿತ. ಹೊಡೆಯುವ ಮೊದಲು ಅವಳೂ ಹಾಗೆಯೇ ನಗುತ್ತಿದ್ದಳು. ಅವಳ ಕಣ್ಣು ಬೇಡವೆಂದರೂ ಕಬ್ಬಿಣದ ಡ್ರಾಯರಿನ ಕಡೆ ಹೋಗಿ ಬಂತು. ಅವನೂ ಅದನ್ನು ನೋಡಿದ. ಅವನು ಕೌಂಟರಿನ ಬಾಗಿಲ ಹಲಗೆ ಎತ್ತುವಷ್ಟರಲ್ಲಿ ಅವಳು ಡ್ರಾಯರಿಗೆ ಬೀಗ ಹಾಕಿ ಬೀಗದಕೈ ಕಿತ್ತುಕೊಂಡಳು. ಬೆರಳುದ್ದದ್ದು. ಸೀರೆಗೆ ಸಿಕ್ಕಿಸಿದರೆ ಕಿತ್ತುಕೊಳ್ಳುತ್ತಾನೆ, ಕಿಟಕಿಯಿಂದ ಎಸೆದರೆ ಎತ್ತಿಕೊಳ್ಳುತ್ತಾನೆ. ಬಾಯಿಗೆ ಹಾಕಿಕೊಂಡು ಹಲ್ಲು ಕಚ್ಚಿದಳು.

ಮೊದಲ ಏಟು ಅಂಗೈಯದು, ಎಡಗೆನ್ನೆಗೆ. ಬೀಗದಕೈಯ ಹಲ್ಲು ಒಳಗಿನ ಮಾಂಸಕ್ಕೆ ಇಳಿಯಿತು, ಬಾಯಿ ಬೆಚ್ಚಗಾಯಿತು. ಎರಡನೆಯದು ಮುಷ್ಟಿ. ತಲೆ ಹಿಂದಿನ ಕಪಾಟಿಗೆ ಬಡಿದು ಮೇಲಿನ ಸಾಲಿನಿಂದ ನಿಘಂಟುಗಳು ಹೆಗಲ ಮೇಲೆ ಬಿದ್ದವು. "ಉಗುಳು" ಎಂದ. ಅವಳು ತಲೆ ಅಲ್ಲಾಡಿಸಿದಳು. ಅವನು ಜಡೆ ಹಿಡಿದು ಹಣೆಯನ್ನು ಕೌಂಟರಿನ ಅಂಚಿಗೆ ಕುಟ್ಟಿದ. ಅದು ಮೂರನೆಯದು. ಅವಳ ಇಪ್ಪತ್ತೊಂದು ವರ್ಷದ ಲೆಕ್ಕದಲ್ಲಿ ಇಷ್ಟು ಹೊತ್ತಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಅವನ ದವಡೆ, ಗಂಟಲು, ಮೊಣಕಾಲಿನ ಚಿಪ್ಪು, ಎಲ್ಲಿ ಹೊಡೆದರೆ ಅವನು ಮುದುಡಿ ಬೀಳುತ್ತಾನೆ ಎಂದು ಅವಳ ಕೈಗೆ ಚೆನ್ನಾಗಿ ಗೊತ್ತಿತ್ತು. ಕೈ ತುಡಿಯುತ್ತಿತ್ತು. ಎರಡೂ ಕೈಯಿಂದ ಕಪಾಟಿನ ಕಾಲನ್ನು ತಬ್ಬಿ ಹಿಡಿದಳು. ಎಂಟು ಗಂಟೆ ಉಳಿದಿದೆ, ಎಂಟೇ ಗಂಟೆ ಎಂದು ಮೊದಲು ಅಂದುಕೊಂಡಳು. ಇನ್ನೆರಡು ಏಟು ಬಿದ್ದ ಮೇಲೆ ಗಂಟೆಗಳೆಲ್ಲ ಮರೆತುಹೋದವು. ಬಾಯೊಳಗಿನ ಕಬ್ಬಿಣವೊಂದೇ ಉಳಿಯಿತು. ಅದನ್ನು ಬಿಡಬಾರದು.

ಅವನು ಹೆಬ್ಬೆರಳು ಹಾಕಿ ದವಡೆ ತೆರೆಯಲು ನೋಡಿದ. ಕಚ್ಚಿದಳು. ಚೀರಿದ. ಕೌಂಟರಿನ ಕಬ್ಬಿಣದ ಮೊಹರು ಎತ್ತಿ ಅವಳ ಬಾಯಿಗೇ ಗುದ್ದಿದ. ಎರಡು ಹಲ್ಲು ಸಡಿಲವಾಗಿ ನಾಲಿಗೆಯ ಮೇಲೆ ಬಿದ್ದವು, ಅವಳು ಅವನ್ನೂ ಉಗುಳಲಿಲ್ಲ. ಉಗುಳಿದರೆ ಬೀಗದಕೈಯೂ ಹೋಗುತ್ತದೆ.

ಪೇಪರ್ ತಾತ ಇಷ್ಟು ಹೊತ್ತೂ ಪತ್ರಿಕೆಯ ಹಿಂದೆ ಅಡಗಿದ್ದವರು ಕೊನೆಗೆ ಬೀದಿಗೆ ಓಡಿದರು. "ಕೊಲೆ! ಲೈಬ್ರರೀಲಿ ಕೊಲೆ!" ಎಂದು ಅವರು ಕೂಗಿದ ಕೂಗಿಗೆ ಎದುರಿನ ಸೈಕಲ್ ಅಂಗಡಿಯಿಂದ ನಾಲ್ಕು ಜನ ಪಾನಾ ಹಿಡಿದುಕೊಂಡೇ ನುಗ್ಗಿದರು. ಅವನನ್ನು ನೆಲಕ್ಕೆ ಕೆಡವಿ ಇಬ್ಬರು ಬೆನ್ನ ಮೇಲೆ ಕೂತರು, ಇಬ್ಬರು ಕಾಲು ಹಿಡಿದರು. ವಾರ್ಡರಮ್ಮ ಕಪಾಟಿನ ಕಾಲು ಬಿಟ್ಟು ಎದ್ದಳು. ಹಣೆಯ ರಕ್ತ ಕಣ್ಣಿಗಿಳಿದಿತ್ತು. ನಿಧಾನವಾಗಿ ಅವನ ಪಕ್ಕಕ್ಕೆ ಬಂದು, ಗುರಿ ನೋಡಿ, ಪಕ್ಕೆಗೆ ಒಂದು ಒದ್ದಳು. ಒಳಗೇನೋ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ನಾಲ್ಕು ಜನ ಅಮುಕಿ ಹಿಡಿದವನಿಗೆ ಆ ಒದೆ ಬೇಕಿರಲಿಲ್ಲ. ಒದೆಯುವಾಗ ಸಿಕ್ಕಿದ ಸುಖ ಅವಳಿಗೇ ಗೊತ್ತು. ಆಮೇಲೆ ಪೊಲೀಸರು ಬಂದು ಅವನನ್ನು ಹಿಡಿದುಕೊಂಡು, ಒದ್ದವರು ಯಾರೆಂದು ಕೇಳಿದಾಗ ಪೇಪರ್ ತಾತ, "ನಾನೇನೂ ನೋಡಿಲ್ಲಪ್ಪ, ಪೇಪರ್ ಓದ್ತಿದ್ದೆ" ಎಂದರು.

ಆಸ್ಪತ್ರೆಯಲ್ಲಿ ಕೆನ್ನೆಯ ಒಳಗೆ ಏಳು ಹೊಲಿಗೆ, ಹಣೆಗೆ ಐದು. ಬೀಗದಕೈಯನ್ನು ಡಾಕ್ಟರು ಇಕ್ಕಳದಲ್ಲಿ ಹಿಡಿದು ತೆಗೆದು ತಟ್ಟೆಗೆ ಹಾಕಿದರು. ಚಿಕ್ಕಮ್ಮ ಮಂಚದ ಪಕ್ಕ ಕೂತು ಅತ್ತಳು, ಅಳುವಿನ ನಡುವೆಯೂ, "ಮನೇಲಿ ಕೂತು ಮಾಡೋ ಕೋರ್ಸು ಅಂದ್ಯಲ್ಲೇ" ಎಂದಳು. ಸುದ್ದಿ ಬೀದಿಯೆಲ್ಲ ಹರಡಿತ್ತು. ಬೀಗದಕೈ ನುಂಗಿದವಳೆಂದು ಒಬ್ಬರು, ಹತ್ತು ಜನರನ್ನು ಹೊಡೆದವಳೆಂದು ಇನ್ನೊಬ್ಬರು. ಗ್ರಂಥಪಾಲಕರು ದಾಖಲೆ ಪುಸ್ತಕವನ್ನೇ ಹಿಡಿದುಕೊಂಡು ಬಂದರು.

"ಎಂಟು ಗಂಟೆ ನಾನೇ ಬರ್ಕೋತೀನಿ. ಒದ್ದದ್ದು ನನ್ನ ಕಿವಿಗೂ ಬಿತ್ತು, ಬಿದ್ದಿಲ್ಲ ಅಂದ್ಕೋತೀನಿ" ಎಂದು ಪೆನ್ನಿನ ಮುಚ್ಚಳ ತೆಗೆದರು.

ಸುಮ್ಮನಿದ್ದರೆ ಸಾಕಿತ್ತು. ಬಾಯಿಯ ತುಂಬ ಹೊಲಿಗೆ ಇದ್ದವಳಿಂದ ಯಾರೂ ಮಾತು ನಿರೀಕ್ಷಿಸುತ್ತಲೂ ಇರಲಿಲ್ಲ. ವಾರ್ಡರಮ್ಮ ಕೈ ಚಾಚಿ ಪೆನ್ನು ಇಸಿದುಕೊಂಡು ದಾಖಲೆ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಳು: ಗುರುತು ಅಳಿಸಿದ್ದು ನಾನು. ಪತ್ರ ಆ ಮನೆಗೆ ಕಳಿಸಿದ್ದು ನಾನು. ಗೊತ್ತಾದ ಮೇಲೂ ಹದಿನೈದು ಗಂಟೆ ಕೆಲಸ ಮಾಡಿದೆ, ನಿಮಗೆ ಹೇಳಲಿಲ್ಲ.

ಗ್ರಂಥಪಾಲಕರು ಓದಿದರು.

"ಪೆನ್ಸಿಲಿನಲ್ಲಿ ಬರೆದದ್ದು ನನ್ನ ತಪ್ಪು. ಲಕೋಟೆ ನೋಡದೆ ಸಹಿ ಹಾಕಿದ್ದೂ ನನ್ನ ತಪ್ಪು. ಅದನ್ನ ಮೇಲಿನವರಿಗೆ ನಾನು ಬರೆದು ತಿಳಿಸ್ತೀನಿ." ಪೆನ್ನಿಗೆ ಮುಚ್ಚಳ ಹಾಕಿದರು. "ಆದ್ರೆ ಇದಕ್ಕೆ ಸಹಿ ಹಾಕೋಕಾಗಲ್ಲ. ನೀವು ಹೇಳದೆ ಇದ್ದ ಆ ದಿನಗಳಿಗೆ ಹಾಕೋಕಾಗಲ್ಲ. ಬೇಕಾದ್ರೆ ಮೊದಲ ಗಂಟೆಯಿಂದ ಶುರು ಮಾಡಿ, ಬಾಗಿಲು ತೆರೆದಿರುತ್ತೆ."

ಅವಳು ಪುಸ್ತಕದಲ್ಲಿ ಮತ್ತೆ ಬರೆದಳು: ಆಕೆಗೆ?

"ಅದನ್ನ ನಾನು ಹೇಳಲ್ಲಮ್ಮ" ಎಂದು ಎದ್ದರು. "ನೀವೇ ಹೇಳಬೇಕು."

ಆರನೆಯ ದಿನ ವಾರ್ಡರಮ್ಮ ಗ್ರಂಥಾಲಯಕ್ಕೆ ಹೋದಳು. ಮುಖ ಇನ್ನೂ ನೀಲಿ, ಮಾತು ತೊದಲು. ಕೌಂಟರಿನ ಅಂಚಿನಲ್ಲಿ ಅವಳ ರಕ್ತ ಮರದೊಳಗೆ ಇಳಿದು ಕಪ್ಪಾಗಿತ್ತು. ಟೈಲರ್ ಹೆಂಗಸು ಬಾಗಿಲು ತೆರೆಯುವುದನ್ನೇ ಕಾಯುತ್ತಿದ್ದಳು. ಒಳಗೆ ಬಂದವಳೇ ವಾರ್ಡರಮ್ಮನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

"ಅಕ್ಕಾ, ನಂಗೋಸ್ಕರ ಹೆತ್ತ ತಾಯಿಯೂ ಒಂದು ಏಟು ತಿಂದಿರಲಿಲ್ಲ. ಹೊಂದ್ಕೊಂಡು ಹೋಗು ಅಂತ ವಾಪಸ್ ಕಳಿಸಿದ್ಲು. ನೀವು ಯಾರೋ, ನಾನು ಯಾರೋ..."

ಕೈ ಮೇಲೆ ಬಿಸಿ ಕಣ್ಣೀರು ಬಿತ್ತು. ಇಪ್ಪತ್ತೊಂದು ವರ್ಷದಲ್ಲಿ ಆ ಕೈಗಳನ್ನು ಯಾರೂ ಹಾಗೆ ಹಿಡಿದಿರಲಿಲ್ಲ. ಇನ್ನೊಂದು ನಿಮಿಷ ಹೀಗೇ ಇರಲಿ ಎಂದು ವಾರ್ಡರಮ್ಮನಿಗೆ ಅನಿಸಿತು, ಇದ್ದಳು ಕೂಡ. ಆಮೇಲೆ ಹೇಳಿದಳು.

"ಆ ಕಾಗದ ಬರೆದದ್ದು ನಾನೇ."

"ಯಾವ ಕಾಗದ?"

"ನಿಮ್ಮ ಗಂಡ ಹಿಡ್ಕೊಂಡು ಬಂದದ್ದು. ಹಳೇ ಮನೆಗೆ ನಾನೇ ಕಳಿಸ್ದೆ. ಬೇಡ ಅಂತ ಗುರುತು ಇತ್ತು, ಅದನ್ನೂ ನಾನೇ ಅಳಿಸಿದ್ದೆ. ಮೊದಲು ತಿಳೀದೆ ಮಾಡ್ದೆ. ತಿಳಿದ ಮೇಲೆ ನೀವು ಬಂದಿರಿ, ಪುಸ್ತಕ ಇಟ್ಕೊಳ್ಲಾ ಅಂತ ಕೇಳಿದ್ರಿ. ಆವತ್ತೇ ಹೇಳಬಹುದಿತ್ತು. ನನ್ನ ಸರ್ಟಿಫಿಕೇಟ್ ಹೋಗುತ್ತೆ ಅಂತ ಹೇಳಲಿಲ್ಲ."

ಟೈಲರ್ ಹೆಂಗಸು ಹಿಡಿದ ಕೈಗಳನ್ನು ಬಿಟ್ಟಳು. ಒಂದು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಅದೇ ಹೆಜ್ಜೆ ಮುಂದಿಟ್ಟು ಕೈ ಬೀಸಿ ಹೊಡೆದಳು, ಹೊಲಿಗೆಯಿದ್ದ ಕೆನ್ನೆಗೇ. ಸೂಜಿ ಹಿಡಿಯುವ ಕೈಗೆ ಅಷ್ಟು ಬಲವಿರಬಹುದೆಂದು ಯಾರೂ ಅಂದುಕೊಳ್ಳುತ್ತಿರಲಿಲ್ಲ. ಹೊಲಿಗೆ ಬಿಟ್ಟಿತು, ಬಾಯಿಯ ಮೂಲೆಯಿಂದ ರಕ್ತ ಬಂತು. ವಾರ್ಡರಮ್ಮ ಕೈ ಅಡ್ಡ ತರಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಟೈಲರ್ ಹೆಂಗಸು ಇನ್ನೊಂದು ಹೊಡೆದಳು. ಇನ್ನೂ ಒಂದು.

"ಮೂರು ತಿಂಗಳು ನಿದ್ದೆ ಮಾಡಿದ್ದೆ ಇಲ್ಲಿ" ಎಂದಳು, ಏದುಸಿರು ಬಿಡುತ್ತಾ. "ಮದುವೆ ಆದ್ಮೇಲೆ ಮೂರೇ ತಿಂಗಳು. ಅವನೇನು ಯಾವಾಗ್ಲೂ ಒಳಗೇ ಇರ್ತಾನಾ? ಬರ್ತಾನೆ. ಊರು ಗೊತ್ತಾದ್ಮೇಲೆ ಮನೆ ಹುಡುಕೋದು ಎಷ್ಟು ಹೊತ್ತು? ಮಗಳಿಗೆ ಈಗಷ್ಟೇ ಒಬ್ಬಳು ಗೆಳತಿ ಸಿಕ್ಕಿದ್ಲು. ಎಲ್ಲಾ ಬಿಡಿಸ್ಕೊಂಡು ಹೋಗಬೇಕು ಮತ್ತೆ."

ವಾರ್ಡರಮ್ಮ ಬಾಯಿ ಮುಚ್ಚಿಕೊಂಡು ತಿಂದ ಏಟುಗಳೆಲ್ಲ ಒಂದು ಮನೆಯ ಬಾಗಿಲನ್ನಷ್ಟೇ ಉಳಿಸಿದ್ದವು, ಆ ಮನೆಯಲ್ಲಿ ಇನ್ನು ಯಾರೂ ಇರುವಂತಿರಲಿಲ್ಲ. ಅವಳು ಡ್ರಾಯರು ತೆರೆದು ಆ ಅರ್ಜಿ ಹುಡುಕಿ ತೆಗೆದು ಕೌಂಟರಿನ ಮೇಲಿಟ್ಟಳು. ಟೈಲರ್ ಹೆಂಗಸು ಅದನ್ನು ಎರಡು ಮಾಡಿದಳು, ನಾಲ್ಕು ಮಾಡಿದಳು, ಅಕ್ಷರ ಕಾಣದಷ್ಟು ಚೂರು ಮಾಡಿ ಸೆರಗಿನ ತುದಿಗೆ ಕಟ್ಟಿಕೊಂಡಳು. ಚೀಲದಿಂದ ಕಟಿಂಗ್ ಪುಸ್ತಕ ತೆಗೆದು ಇಟ್ಟಳು. ಬಾಗಿಲ ತನಕ ಹೋಗಿ ನಿಂತು ಬೀದಿಯ ಎರಡೂ ಕಡೆ ನೋಡಿದಳು.

ಎಲ್ಲಿಗೆ ಹೋಗುತ್ತೀರಿ ಎಂಬ ಮಾತು ವಾರ್ಡರಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ. ಯಾವ ಕಡೆ ತಿರುಗಿದಳೆಂದು ಕಾಣದಿರಲಿ ಎಂದು ಬಾಗಿಲಿಗೆ ಬೆನ್ನು ಮಾಡಿ ನಿಂತಳು.